ಎರಡೇ ಸಲ ಕೇಳಿದಿರಿ

ಮೇಲಿನ ಮನೆ, ಬ್ರೆಕ್ಕೆ ಕಣಿವೆ, ವಿಸ್ಕಾನ್ಸಿನ್
ಡಿಸೆಂಬರ್ 10, 2018

ಶ್ರೀಮತಿ ಲುದ್ಮಿಲಾ ಬ್ರೆಕ್ಕೆಯವರಿಗೆ,

ನಿಮ್ಮ ಬೂದು ಹುಂಜ ನಾಲ್ಕು ದಿನದಿಂದ ನನ್ನ ಕೊಟ್ಟಿಗೆಯಲ್ಲಿದೆ. ನಾನು ಕರೆದದ್ದಲ್ಲ. ತಾನಾಗಿ ಬೇಲಿ ನುಸುಳಿ ಬಂದು ನನ್ನ ಒಂಬತ್ತು ಹೇಂಟೆಗಳ ನಡುವೆ ಹೊಸ ಮದುವಣಿಗನ ಹಾಗೆ ಓಡಾಡುತ್ತಿದೆ. ನೀವೂ ನಾನೂ ಮಾತು ಬಿಟ್ಟು ಹತ್ತೊಂಬತ್ತು ವರ್ಷವಾಯಿತು. ಆ ಸುದ್ದಿಯನ್ನು ಅದಕ್ಕೆ ಯಾರೂ ಹೇಳಿಲ್ಲವೆಂದು ಕಾಣುತ್ತದೆ.

ಫೋನು ಮಾಡಬಹುದಿತ್ತು. ಫೋನಿನಲ್ಲಾದರೆ ಆ ಕಡೆಯವರು ಕೂಡಲೇ ಉತ್ತರ ಕೊಡಬೇಕಾಗುತ್ತದೆ, ನಿಮಗೆ ಆ ಕಷ್ಟ ಬೇಡ. ಅರ್ಧ ಮೈಲಿ ಕೆಳಗಿನ ಮನೆಗೆ ಕಾಗದ ಬರೆದರೆ ಅದು ಪೇಟೆಗೆ ಹೋಗಿ, ಅಲ್ಲಿಂದ ಇನ್ನೊಂದು ಪೇಟೆ ಸುತ್ತಿ, ಮೂರು ದಿನಕ್ಕೆ ಬಂದು ಸೇರುತ್ತದೆ ಎಂದು ಮೊಮ್ಮಗಳು ಸಿಗ್ನೆ ನಕ್ಕಳು. “ಅಜ್ಜೀ, ಕಿಟಕಿ ತೆಗೆದು ಒಂದ್ಸಲ ಕೂಗಿದ್ರೆ ಕೇಳ್ಸತ್ತಲ್ಲೇ!” ಅಂದಳು. ಕೂಗುವುದಕ್ಕೆ ಹುಂಜ ಇದೆ.

ಅದಕ್ಕೆ ಜೋಳ ಹಾಕಿದ್ದೇನೆ. ಕತ್ತಿನ ಹತ್ತಿರ ಹನ್ನೊಂದು ಗರಿ ಕಡಿಮೆಯಾಗಿರುವುದು ನಿಮ್ಮ ಕಣ್ಣಿಗೆ ಬೀಳಬಹುದು. ಬೇಲಿಯ ಮುಳ್ಳುತಂತಿಗೆ ಸಿಕ್ಕಿರಬೇಕು.

ಬೇರೇನೂ ವಿಶೇಷವಿಲ್ಲ. ಆಗಸ್ಟಿನ ನೆರೆ ನನ್ನ ಪಾಲಿನ ಹಳ್ಳಕ್ಕೆಲ್ಲ ಕಲ್ಲು ತುಂಬಿಸಿ ಹೋಯಿತು. ಒಂದು ಟ್ರೌಟ್ ಮೀನು ಬೆನ್ನು ಮುಚ್ಚಿಕೊಳ್ಳುವಷ್ಟು ಆಳವೂ ಈಗ ಎಲ್ಲೂ ಇಲ್ಲ. ಅಕ್ಟೋಬರಿನಲ್ಲಿ ನನ್ನ ಬಲ ಮೊಣಕಾಲಿಗೆ ಲೋಹ ಕೂರಿಸಿದರು. ಈ ಚಳಿಗಾಲ ನೀರಿಗೆ ಇಳಿಯಕೂಡದಂತೆ. ಜನವರಿ ಐದಕ್ಕೆ ಚಳಿಗಾಲದ ಮೀನುಗಾರಿಕೆ ಶುರು. ಸುಮ್ಮನೆ ಸುದ್ದಿಗೆಂದು ಬರೆದೆ. ನಾನು ಯಾರನ್ನೂ ಏನನ್ನೂ ಕೇಳುತ್ತಿಲ್ಲ.

ಬೇಲಿಯ ಆಚೆ ಕಡೆಯಿಂದ,
ತೋರಾ ರೂಡ್


ಕೆಳಗಿನ ಮನೆ
ಡಿಸೆಂಬರ್ 15

ತೋರಾ ಅವರಿಗೆ,

ಮುಳ್ಳುತಂತಿ ಅಳತೆ ನೋಡಿ ಗರಿ ಕೀಳುವುದಿಲ್ಲ. ಹನ್ನೊಂದು ಎಂದು ಎಣಿಸಿ ಬರೆದಿರಲ್ಲ, ಅಲ್ಲೇ ಸಿಕ್ಕಿಬಿದ್ದಿರಿ.

ಗರಿ ಇಟ್ಟುಕೊಳ್ಳಿ. ನಿಮ್ಮ ಅಣ್ಣ ಐನಾರ್ ಸಾಕುತ್ತಿದ್ದ ತಳಿಯೇ ಅದು. ಮೀನನ್ನು ಮರುಳು ಮಾಡಲು ಗಾಳಕ್ಕೆ ಸುಳ್ಳು ನೊಣ ಕಟ್ಟಲು ಇಂಥ ಗಟ್ಟಿ ಬೂದು ಗರಿ ಬೇರೆ ಯಾವ ಕೋಳಿಗೂ ಇಲ್ಲ ಎಂದು ಅವನು ಕತ್ತರಿ ಹಿಡಿದು ಹುಂಜಗಳ ಹಿಂದೆ ಓಡುತ್ತಿದ್ದದ್ದು ನೆನಪಿದೆ. ಆ ಹುಂಜಕ್ಕೆ ಅಲ್ಲೇ ಹಿಡಿಸಿದ್ದರೆ ಇರಲಿ. ನನ್ನ ಹೇಂಟೆಗಳಿಗೂ ಸ್ವಲ್ಪ ನೆಮ್ಮದಿ.

ನನ್ನ ಹುಲ್ಲುಗಾವಲಿನ ಗೇಟಿಗೆ ಬೀಗವಿಲ್ಲ. ತಂತಿಯ ಬಳೆಯೊಂದನ್ನು ಕಂಬಕ್ಕೆ ಸಿಕ್ಕಿಸಿರುತ್ತೇನೆ, ಅಷ್ಟೇ. ಮೊಣಕಾಲು ಹಾಗಿದ್ದರೆ ಸೇತುವೆಯಿಂದ ನೀರಿನಲ್ಲಿ ನಡೆದು ಬರಬೇಡಿ. ಬಳೆ ಎತ್ತಿ ಒಳಗೆ ಬನ್ನಿ. ಹಳ್ಳದ ಒರತೆಮಡುವಿಗೆ ನೆಲ ಸಮವಾಗಿದೆ, ಇನ್ನೂರು ಹೆಜ್ಜೆ.

ಲುದ್ಮಿಲಾ


ಮೇಲಿನ ಮನೆ
ಡಿಸೆಂಬರ್ 20

ಶ್ರೀಮತಿ ಬ್ರೆಕ್ಕೆಯವರಿಗೆ,

ನಿಮ್ಮ ಕಾಗದ ಬಂತು. ಗೇಟಿನ ವಿಷಯ: ಬೇಡ. ನಿಮಗೆ ಯಾಕೆ ಸುಮ್ಮನೆ ತೊಂದರೆ.

ಹತ್ತೊಂಬತ್ತು ಚಳಿಗಾಲ ನಾನು ಸೇತುವೆಯ ಹತ್ತಿರ ಹಳ್ಳಕ್ಕಿಳಿದು, ಸೊಂಟದುದ್ದದ ರಬ್ಬರ್ ಬೂಟಿನಲ್ಲಿ ನೀರಿಗೆ ಎದುರಾಗಿ ನಡೆದೇ ಒರತೆಮಡುವಿಗೆ ಬಂದಿದ್ದೇನೆ. ಕಾಲು ನೀರಿನಲ್ಲಿರುವ ತನಕ ಅದು ಯಾರ ಜಮೀನೂ ಅಲ್ಲ, ಈ ರಾಜ್ಯದ ಕಾನೂನೇ ಹಾಗೆ. ನಿಮ್ಮ ಒಂದು ಹುಲ್ಲುಕಡ್ಡಿಯನ್ನೂ ತುಳಿದಿಲ್ಲ. ಆ ಮಡುವಿನ ದಡದಲ್ಲಿ ನಾನೂ ಐನಾರನೂ ಚಡ್ಡಿ ಒದ್ದೆ ಮಾಡಿಕೊಂಡು ಬೆಳೆದದ್ದು ಬೇರೆ ಮಾತು. ಅಪ್ಪ ಪಾಲು ಮಾಡುವಾಗ ಮೇಲಿನದು ಮಗಳಿಗೆ, ಕೆಳಗಿನದು ಮಗನಿಗೆ ಎಂದರು, ಮಡು ಕೆಳಗೆ ಹೋಯಿತು. ಅದಕ್ಕೆ ನಾನು ಯಾವತ್ತೂ ತುಟಿ ಬಿಚ್ಚಿದವಳಲ್ಲ.

ನಿಮ್ಮ ಹುಂಜದ ಗರಿಯಿಂದ ಆರು ನುಸಿ ಕಟ್ಟಿದೆ. ನೊಣ ಎನ್ನಲೂ ಬಾರದು, ಅಷ್ಟು ಸಣ್ಣವು. ಈ ಚಳಿಯಲ್ಲಿ ಹಳ್ಳದಿಂದ ಹೆಚ್ಚಾಗಿ ಮೇಲೇಳುವುದು ನುಸಿಯೇ, ಬೇರೇನು ತೋರಿಸಿದರೂ ಮೀನು ಮುಖ ತಿರುಗಿಸುತ್ತದೆ. ಅರ್ಧ ಅಕ್ಕಿಕಾಳಿನಷ್ಟು ಗಾಳವನ್ನು ಇಕ್ಕಳದಂಥ ಪುಟ್ಟ ವೈಸಿನಲ್ಲಿ ಕಚ್ಚಿಸಬೇಕು, ಕಪ್ಪು ರೇಷ್ಮೆ ದಾರ ಸುತ್ತಬೇಕು, ಮೇಲೆ ಗರಿ ಎರಡೇ ಸುತ್ತು. ಮೂರನೇ ಸುತ್ತು ಬಿದ್ದರೆ ಅದು ನುಸಿಯಲ್ಲ, ಪೊರಕೆ. ಸಿಗ್ನೆ ಚೀಸ್ ಫ್ಯಾಕ್ಟರಿಯ ಕೆಲಸ ಮುಗಿಸಿ ಬರುವಾಗ ಭೂತಗನ್ನಡಿ ಕೂರಿಸಿದ ದೀಪ ತಂದುಕೊಟ್ಟಳು. ಪಕ್ಕದಲ್ಲಿ ಕುಳಿತು, “ಅಜ್ಜೀ, ಇಷ್ಟು ಒದ್ದಾಡಿ ಕಟ್ತೀಯಲ್ಲ, ಎಲ್ಲಿ ಹಾಕ್ತೀಯ ಇದನ್ನ? ಪಾತ್ರೆ ತೊಳೆಯೋ ತೊಟ್ಟೀಲಾ?” ಅಂತ ಕೇಳಿದಳು.

“ನಿನ್ ಸೂಪಿಗೆ ಹಾಕ್ತೀನಿ,” ಅಂದೆ.

“ಸೂಪಿಗೆ ಹಾಕು, ಪರವಾಗಿಲ್ಲ. ನೀರಿಗೆ ಕಾಲಿಟ್ಟೆ ಅಂದ್ರೆ ಇನ್ನೊಂದು ಮೊಣಕಾಲು ನಾನೇ ಮುರೀತೀನಿ ನೋಡು.”

ನನ್ನ ಮೊಮ್ಮಗಳು ನನ್ನ ಹಾಗೇ ಮಾತಾಡುತ್ತಾಳೆ ಎಂದು ಚರ್ಚಿನಲ್ಲಿ ಎಲ್ಲರೂ ಹೇಳುತ್ತಾರೆ. ಪಾಪ, ಅವಳಿಗೆ ಬೇಸರವಾಗುತ್ತದೆ.

ಗೇಟು ಬೇಡ ಎಂದೆನಲ್ಲ. ಆದರೂ ಹಿಮ ಇಷ್ಟು ಬಿದ್ದ ಮೇಲೆ ಹುಲ್ಲು ಎಲ್ಲಿ, ದಾರಿ ಎಲ್ಲಿ, ಯಾರಿಗೆ ತಾನೇ ಗೊತ್ತಾಗುತ್ತದೆ. ಸುಮ್ಮನೆ ಹೇಳಿದೆ.

ಹಬ್ಬದ ಶುಭಾಶಯಗಳೊಂದಿಗೆ, ದೂರದಿಂದಲೇ,
ತೋರಾ ರೂಡ್


ಮೇಲಿನ ಮನೆ
ಜನವರಿ 5, 2019, ಮಧ್ಯಾಹ್ನ ಮೂರು

ಶ್ರೀಮತಿ ಲುದ್ಮಿಲಾ ಬ್ರೆಕ್ಕೆ ಎಂಬುವವರಿಗೆ,

ಹದಿನಾರು ದಿನ ಅಂಚೆ ಡಬ್ಬಿಯ ಬಾಗಿಲು ತೆಗೆದು ಮುಚ್ಚಿದ್ದೇನೆ. ನಿಮ್ಮ ಎರಡನೇ ಕಾಗದ ಬರುತ್ತದೆ ಎಂದುಕೊಂಡಿದ್ದೆ. ಬರಲಿಲ್ಲ.

ಇವತ್ತು ಬೆಳಿಗ್ಗೆ ಹತ್ತೂವರೆಗೆ, ಋತು ಶುರುವಾದ ಮೊದಲ ದಿನ, ಹಸಿರು ಜಾಕೆಟ್ಟಿನ ಒಬ್ಬ ಆಸಾಮಿ ನಿಮ್ಮ ಬಾಗಿಲು ತಟ್ಟಿದ್ದನ್ನು ನನ್ನ ಕಿಟಕಿಯಿಂದ ನೋಡಿದೆ. ನೀವು ಕೈ ಬೀಸಿ ದಾರಿ ತೋರಿಸಿದ್ದನ್ನೂ ನೋಡಿದೆ. ಅವನು ನಿಮ್ಮ ತಂತಿಬಳೆ ಎತ್ತಿ ಗೇಟು ತೆಗೆದು, ಹುಲ್ಲುಗಾವಲಿನ ಮಧ್ಯೆ ನಡೆದು ನನ್ನ ಮಡುವಿನ ಮುಂದೆ ಕಂಬದ ಹಾಗೆ ನಿಂತ. ಬೆನ್ನಿಗೆ ಬಿಸಿಲು! ನೆರಳು ನೇರ ನೀರಿನ ಮೇಲೆ! ಅಲ್ಲಿನ ಮೀನು ಸರ್ಕಾರದವರು ತೊಟ್ಟಿಯಲ್ಲಿ ಸಾಕಿ ತಂದು ಸುರಿದದ್ದಲ್ಲ. ಹಳ್ಳದಲ್ಲೇ ಹುಟ್ಟಿದ ಕಂದು ಟ್ರೌಟು, ಕೊಕ್ಕರೆಗೆ ತಪ್ಪಿಸಿಕೊಂಡು ದೊಡ್ಡದಾದದ್ದು. ಅವನ ನೆರಳು ಕಂಡ ಮೇಲೆ ಸೋಮವಾರದ ತನಕ ಬಾಯಿ ಬಿಡುವುದಿಲ್ಲ.

ಇದು ನಿಮಗೆ ಹೊಸದಲ್ಲ. ಹೇಳಿಬಿಡುತ್ತೇನೆ, ಹತ್ತೊಂಬತ್ತು ವರ್ಷ ನುಂಗಿಕೊಂಡದ್ದು ಸಾಕು.

ಆ ವರ್ಷ ಮಾರ್ಚಿನಲ್ಲಿ ಐನಾರನ ಮಣ್ಣು ಮುಗಿಸಿ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಗೆ ಕುಳಿತಿದ್ದೆವು. ನೀವು ನನ್ನ ಪಕ್ಕ ಬಂದು, “ತೋರಾ, ಅವನ ಬಿದಿರಿನ ಗಾಳದ ಕೋಲು ನೀನು ತಗೋ,” ಅಂದಿರಿ. “ಅಯ್ಯೋ ಬೇಡ, ನನಗ್ಯಾಕೆ,” ಅಂದೆ. ಎರಡು ದಿನ ಬಿಟ್ಟು ಗೇಟಿನ ಹತ್ತಿರ ಸಿಕ್ಕಾಗ ಮತ್ತೆ ಕೇಳಿದಿರಿ. “ಬೇಡ ಬೇಡ, ಬೇಕಾದವರು ಯಾರಾದರೂ ಇರ್ತಾರೆ,” ಅಂದೆ. ಮನೆಗೆ ಹೋಗಿ ಅಡುಗೆಮನೆಯ ಗೋಡೆಗೆ ಎರಡು ಮೊಳೆ ಹೊಡೆದೆ, ಕೋಲು ಅಡ್ಡಲಾಗಿ ಕೂರುವ ಹಾಗೆ ಅಳತೆ ಮಾಡಿ.

ಆ ಕೋಲಿನಲ್ಲಿ ದಾರ ಹಾಯುವ ಉಂಗುರಗಳಿಗೆ ಕೆಂಪು ರೇಷ್ಮೆ ಸುತ್ತಿದವಳು ನಾನು. ಐನಾರನ ಬೆರಳು ಹಸುವಿನ ಕೆಚ್ಚಲಿಗೆ ಸರಿ, ದಾರಕ್ಕಲ್ಲ. ಒಂದು ಚಳಿಗಾಲ ಪೂರ್ತಿ ನನ್ನ ಮೇಜಿನ ಮೇಲೆ ಆ ಕೋಲು ಮಲಗಿತ್ತು.

ಮೇ ತಿಂಗಳಲ್ಲಿ ನಿಮ್ಮ ಅಂಗಳದಲ್ಲಿ ಹರಾಜು ನಡೆಯಿತು. ಷಿಕಾಗೋದವನೊಬ್ಬ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದ. ನಾನು ಗುಂಪಿನ ಹಿಂದೆ ನಿಂತು ನೋಡಿದೆ.

ಎರಡೇ ಸಲ ಕೇಳಿದಿರಿ, ಶ್ರೀಮತಿ ಬ್ರೆಕ್ಕೆ. ಎರಡೇ ಸಲ! ಮನಸ್ಸಿನಿಂದ ಕೊಡುವವರು ಮೂರು ಸಲ ಕೇಳುತ್ತಾರೆ, ಇದು ಕಣಿವೆಯಲ್ಲಿ ಮಗುವಿಗೂ ಗೊತ್ತು. ಮೊದಲ ಸಲ ಮರ್ಯಾದೆಗೆ ಬೇಡ ಎನ್ನಬೇಕು, ಎರಡನೇ ಸಲ ಎದುರಿನವರ ಮನಸ್ಸು ನೋಡಲು ಬೇಡ ಎನ್ನಬೇಕು, ಮೂರನೇ ಸಲ ಕೈ ಚಾಚಬೇಕು. ಅಮ್ಮ ಕಾಫಿ ಲೋಟ ಮುಂದಿಟ್ಟು ಇದನ್ನು ನಮಗೆ ಕಲಿಸಿದಳು. ನೀವು ಆ ಮೂರನೆಯದನ್ನು ಉಳಿಸಿಕೊಂಡಿರಿ. ಗೇಟಿನ ವಿಷಯದಲ್ಲಂತೂ ಒಂದೇ ಸಲಕ್ಕೆ ಮುಗಿಸಿದಿರಿ. ನನ್ನನ್ನು ಒಂದು ಸಲ ಕೇಳಿ, ಊರಿನವರಲ್ಲದವರಿಗೆ ಬಾಗಿಲು ತೆಗೆದಿರಿ.

ಮೊಳೆಗಳು ಇನ್ನೂ ಗೋಡೆಯಲ್ಲಿವೆ.

ತೋರಾ ರೂಡ್


ಕೆಳಗಿನ ಮನೆ
ಜನವರಿ 11

ತೋರಾ,

ಈ ‘ನೀವು’, ಈ ‘ಶ್ರೀಮತಿ’, ಎಲ್ಲ ಸಾಕು. ನಾನು ನಿನ್ನ ಅತ್ತಿಗೆ. ನನಗೆ ಎಂಬತ್ತೊಂದು. ಇನ್ನು ಮೇಲೆ ನೀನು ಅನ್ನುತ್ತೇನೆ, ಬೈಯುವುದಕ್ಕೆ ಅದೇ ಸಲೀಸು.

ಮೂರು ಸಲವಂತೆ! ಯಾರು ಹೇಳಿದರು ನನಗೆ? ಮದುವೆಯಾಗಿ ಬಂದ ದಿನ ನಿನ್ನ ಅಮ್ಮ ಹಿಟ್ಟಿನ ಡಬ್ಬ ತೋರಿಸಿದರು, ಹಾಲು ಸೋಸುವ ಬಟ್ಟೆ ತೋರಿಸಿದರು, ಇದನ್ನು ತೋರಿಸಲಿಲ್ಲ. ನಾನು ಬೊಹೀಮಿಯದಿಂದ ಬಂದವರ ಮಗಳು, ಆ ದಿಬ್ಬದ ಆಚೆಯವಳು. ನಮ್ಮ ಕಡೆ ಬೇಡ ಎಂದರೆ ಬೇಡ. ಬೇಡ ಎಂದವರನ್ನು ಮತ್ತೆ ಕೇಳುವುದು ಅಂದರೆ ‘ನೀನು ಸುಳ್ಳು ಹೇಳ್ತಿದೀಯ’ ಎಂದ ಹಾಗೆ. ನಿನ್ನನ್ನು ಎರಡನೇ ಸಲ ಕೇಳಿದ್ದೇ ನನ್ನ ಮಟ್ಟಿಗೆ ನಾಚಿಕೆ ಬಿಟ್ಟ ಕೆಲಸ. ಗೇಟಿನಿಂದ ಮನೆಗೆ ಬಂದು ಅತ್ತಿದ್ದೆ. ಅಣ್ಣನ ಕೋಲು ಕಣ್ಣೆದುರಿಗಿದ್ದರೆ ಇವಳಿಗೆ ತಡೆಯುವುದಿಲ್ಲ, ನನಗೆ ಬುದ್ಧಿ ಬೇಡವೇ, ಒತ್ತಾಯ ಮಾಡಿಬಿಟ್ಟೆನಲ್ಲ, ಎಂದು. ಅದು ಮನೆಯಲ್ಲಿದ್ದರೆ ನಿನಗೆ ಮತ್ತೆ ನೋವು ಎಂದು ಹರಾಜಿಗೆ ಇಟ್ಟೆ. ಆ ಷಿಕಾಗೋದವನ ಮುಖವೂ ನನಗೆ ನೆನಪಿಲ್ಲ.

ನಿನ್ನೆಯಿಂದ ಒಂದೊಂದಾಗಿ ಅರ್ಥವಾಗುತ್ತಿದೆ. ನೀನು ನನ್ನ ಮನೆಗೆ ಬಂದಾಗಲೆಲ್ಲ ನಾನು ಗಸಗಸೆ ತುಂಬಿದ ಸಿಹಿ ಬನ್ನು, ನಮ್ಮ ಕೊಲಾಚಿ, ಮುಂದಿಟ್ಟೆ. “ಬೇಡ,” ಅಂದೆ ನೀನು. ನಾನು ತಟ್ಟೆ ಒಳಗೆ ತೆಗೆದಿಟ್ಟೆ. ಹೀಗೆ ಎಷ್ಟು ವರ್ಷ! ನನ್ನ ಕೈಯಡುಗೆ ಇವಳ ಗಂಟಲಲ್ಲಿ ಇಳಿಯುವುದಿಲ್ಲ ಎಂದುಕೊಂಡೆ. ನಿಮ್ಮ ಮನೆಯಲ್ಲಿ ನಾನು ಮೊದಲ ಸಲ ಕೇಳಿದಾಗಲೇ ಆಲೂಗಡ್ಡೆ ರೊಟ್ಟಿಗೆ ಕೈ ಹಾಕಿದರೆ ನಿನ್ನ ಅಮ್ಮನ ಹುಬ್ಬು ಯಾಕೆ ಮೇಲೇರುತ್ತಿತ್ತೆಂದು ಈಗ ತಿಳಿಯಿತು. ಎಲ್ಲರೂ ನನ್ನನ್ನು ಹೊಟ್ಟೆಬಾಕಿ ಎಂದುಕೊಂಡಿದ್ದಿರಿ, ಅಲ್ಲವೇ? ನಿಜ ಹೇಳು.

ನಿನ್ನಣ್ಣನಾದರೂ ಹೇಳಬಹುದಿತ್ತು. ಅವನು ಯಾವತ್ತೂ ಬೇಡ ಎಂದವನೇ ಅಲ್ಲ. ನಮ್ಮ ಮನೆಗೆ ಮೊದಲು ಬಂದ ದಿನವೇ ಏಳು ಕೊಲಾಚಿ ತಿಂದು ಬೆಲ್ಟು ಸಡಿಲ ಮಾಡಿದ. ಅದಕ್ಕೇ ನಮ್ಮಪ್ಪ ಅವನನ್ನು ಒಪ್ಪಿದ್ದು.

ಹಸಿರು ಜಾಕೆಟ್ಟಿನವನು ಮ್ಯಾಡಿಸನ್ನಿನವನು. “ಅಮ್ಮಾ, ನಿಮ್ಮ ಹುಲ್ಲುಗಾವಲು ದಾಟಬಹುದಾ?” ಅಂದ. “ದಾಟಪ್ಪ,” ಅಂದೆ. “ಥ್ಯಾಂಕ್ಸ್,” ಅಂದ. ಮುಗಿಯಿತು. ಕಲಿತುಕೋ. ಅವನಿಗೆ ಸಿಕ್ಕಿದ್ದು ಒಂದು ವಿಲೋ ಮರದ ಕೊಂಬೆ. ಹೋಗುವಾಗ ಒಂದು ಕೈಗವಸು ಬಿಟ್ಟು ಹೋಗಿದ್ದಾನೆ.

ನೀನು ಲೆಕ್ಕ ಹೇಳಿದ್ದರಿಂದ ನನ್ನದೂ ಹೇಳುತ್ತೇನೆ. ಮೂವತ್ತೊಂಬತ್ತು ವರ್ಷ ನೀವು ಅಣ್ಣ ತಂಗಿ ನನ್ನ ಅಡುಗೆಮನೆ ಕಿಟಕಿಗೆ ಬೆನ್ನು ಹಾಕಿ ಆ ಮಡುವಿನಲ್ಲಿ ನಿಂತಿರಿ. ನಾನು ಪಾತ್ರೆ ತೊಳೆಯುತ್ತ ನೋಡಿದೆ. “ಮಿಲಾ, ನೀನೂ ಬಾ,” ಎಂದು ಒಂದು ಸಲ, ಒಂದೇ ಒಂದು ಸಲ, ಯಾರಾದರೂ ಕರೆದದ್ದುಂಟೇ? ನಿನಗೆ ಒಂದು ಸಲ ಕಡಿಮೆಯಾಯಿತು. ಹೋಗಲಿ ಬಿಡು.

ಕೋಲು ಹೋಯಿತು, ತರಲು ನನ್ನಿಂದಾಗದು. ಮಡು ಇದೆ. ನುಸಿಗೆ ಗರಿ ಎರಡೇ ಸುತ್ತು ಸಾಕಂತೆ, ನಿನಗೆ ಮಾತ್ರ ಮೂರು ಬೇಕು. ಆಗಲಿ. ಹುಲ್ಲುಗಾವಲಿನ ಮೂಲಕ ಬಾ. ಇದು ಎರಡನೆಯದು.

ಮಿಲಾ


ಮೇಲಿನ ಮನೆ
ಜನವರಿ 17

ಅತ್ತಿಗೆ,

ಬೇಡ.

ತಪ್ಪು ತಿಳಿಯಬೇಡ, ಎರಡನೆಯದಕ್ಕೆ ಹಾಗೆ ಹೇಳಲೇಬೇಕು. ಎಪ್ಪತ್ತೊಂಬತ್ತರಲ್ಲಿ ಅಭ್ಯಾಸ ಬಿಡುವುದಾದರೂ ಹೇಗೆ. ‘ಬಾ’ ಎಂದು ನೀನು ಬರೆದ ಜಾಗದ ಮೇಲೆ ಬೆರಳಿಟ್ಟುಕೊಂಡು ‘ಬೇಡ’ ಎಂದು ಬರೆಯುವಾಗ ಪೆನ್ನು ಎರಡು ಸಲ ನಿಂತಿತು. ಇಲ್ಲಿ ಗಟ್ಟಿಯಾಗಿ ಹೇಳಿಬಿಡುತ್ತೇನೆ, ಇದು ಮರ್ಯಾದೆಯ ಬೇಡ. ಇದನ್ನೇ ನಂಬಿ ಮ್ಯಾಡಿಸನ್ನಿನವನನ್ನು ಕರೆಸಿಕೊಳ್ಳಬೇಡ.

ಹೊಟ್ಟೆಬಾಕಿ ಎಂದುಕೊಂಡಿದ್ದೆವೇ ಎಂದು ನೀನು ಕೇಳಿದೆ. ಹೌದು. ಅಮ್ಮ ನಿನಗೆ ಒಂದು ಅಡ್ಡಹೆಸರನ್ನೂ ಇಟ್ಟಿದ್ದಳು. ಹೇಳುವುದಿಲ್ಲ. ನಿನ್ನ ಮನೆಯಿಂದ ನಾನು ಎಷ್ಟು ಸಲ ಹಸಿದುಕೊಂಡು ಏರು ಹತ್ತಿ ಬಂದಿದ್ದೇನೆ ಗೊತ್ತೇ? ದಾರಿಯುದ್ದಕ್ಕೂ ಬಾಯಲ್ಲಿ ಗಸಗಸೆಯ ವಾಸನೆ. ‘ಜಿಪುಣಿ, ಒಂದೇ ಸಲ ಕೇಳಿ ತಟ್ಟೆ ಎತ್ತಿದಳು’ ಎಂದು ಗಂಡನ ಹತ್ತಿರ ಹೇಳಿಕೊಂಡು, ತಣ್ಣನೆ ಬ್ರೆಡ್ಡು ತಿಂದು ಮಲಗುತ್ತಿದ್ದೆ. ಅವರು ಇದ್ದಷ್ಟು ದಿನವೂ, “ಮಿಲಾ ಹಾಗಲ್ಲ ಕಣೇ, ನೀನೇ ಸ್ವಲ್ಪ ಬಾಯಿ ಬಿಟ್ಟು ಕೇಳು,” ಅನ್ನುತ್ತಿದ್ದರು. ಕೇಳುವುದೆಂದರೇನು, ನಾನೇನು ಭಿಕ್ಷುಕಳೇ ಅನ್ನುತ್ತಿದ್ದೆ.

ಐನಾರನಿಗೆ ಕಲಿಸಲು ಅಮ್ಮ ಸೋತು ಕೈಬಿಟ್ಟಿದ್ದಳು. ಮನೆಗೆ ಯಾರು ಬಂದರೂ ಅವರಿಗಿಂತ ಮೊದಲು ಅವನೇ ತಟ್ಟೆಗೆ ಕೈ ಹಾಕುತ್ತಿದ್ದ.

ಕಿಟಕಿಯ ಮಾತು ಬರೆದಿದ್ದೀಯ. ಆ ಸಾಲನ್ನು ಮೂರು ದಿನ ಮತ್ತೆ ಮತ್ತೆ ಓದಿದೆ.  

ನುಸಿಗಳು ಈಗ ಹದಿನಾಲ್ಕು ಆಗಿವೆ.

ತೋರಾ


ಮೇಲಿನ ಮನೆ
ಫೆಬ್ರವರಿ 1

ಅತ್ತಿಗೆ,

ಸೊನ್ನೆಗಿಂತ ಮೂವತ್ತು ಕೆಳಗೆ ಹೋಯಿತು. ಎರಡು ದಿನ ಅಂಚೆಯವನೂ ಬರಲಿಲ್ಲ. ನಿನ್ನ ಹುಂಜದ ಜುಟ್ಟಿಗೆ ಹಂದಿಕೊಬ್ಬು ಸವರಿ ಅಡುಗೆಮನೆಗೇ ತಂದುಕೊಂಡಿದ್ದೇನೆ. ಮೇಜಿನ ಮೇಲೆ ಹತ್ತಿ ನನ್ನ ನುಸಿಗಳನ್ನು ನೋಡಿ ಕತ್ತು ಓರೆ ಮಾಡುತ್ತದೆ, ಗುರುತು ಹಿಡಿದ ಹಾಗೆ.

ನೀನು ಕಾಗದ ಬರೆಯದೆ ಮೂರು ವಾರವಾಯಿತು. ನಾನು ಕೇಳುತ್ತಿಲ್ಲ. ಬೆಳಿಗ್ಗೆ ಆರಕ್ಕೆ ನಿನ್ನ ಚಿಮಣಿಯಲ್ಲಿ ಹೊಗೆ ಕಂಡೆ, ಹತ್ತಕ್ಕೆ ಮತ್ತೆ ಕಂಡೆ. ಒಲೆಗೆ ಸೌದೆ ಹಾಕುತ್ತಿದ್ದೀಯ, ಅಷ್ಟು ಸಾಕು. ಒರತೆಮಡುವಿನ ಮೇಲೂ ಹೊಗೆಯ ಹಾಗೆ ಆವಿ ಎದ್ದು ನಿಂತಿದೆ. ಸುತ್ತ ಎಲ್ಲ ಕಲ್ಲಾಗಿದ್ದರೂ ಅದೊಂದು ಹೆಪ್ಪುಗಟ್ಟಿಲ್ಲ.

ತೋರಾ


ಕೆಳಗಿನ ಮನೆ
ಫೆಬ್ರವರಿ 7

ತೋರಾ,

ಇಷ್ಟು ದಿನ ಯಾಕೆ ಬರೆಯಲಿಲ್ಲವೆಂದರೆ, ಮೂರನೆಯದನ್ನು ಕಾಗದದ ಮೇಲೆ ಬರೆದರೆ ಸಾಲುವುದೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ನಿಮ್ಮವರ ಕಾಯಿದೆ ನನಗೆ ಪೂರ್ತಿ ಗೊತ್ತಿಲ್ಲವಲ್ಲ.

ಲಕೋಟೆಯಲ್ಲಿ ಇರುವುದು ಗೇಟಿನ ತಂತಿಬಳೆ. ಇನ್ನು ಗೇಟು ಮುಚ್ಚುವುದಕ್ಕೆ ನನ್ನ ಹತ್ತಿರ ಏನೂ ಇಲ್ಲ.

ಮಿಲಾ


ಮೇಲಿನ ಮನೆ
ಫೆಬ್ರವರಿ 17, ಭಾನುವಾರ

ಅತ್ತಿಗೆ,

ನಿನ್ನೆ ನೀನೂ ಅಲ್ಲೇ ಇದ್ದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನಿನ್ನ ಕನ್ನಡಕಕ್ಕೆ ಆವಿ ಕಟ್ಟಿತ್ತು, ನೀನು ಅರ್ಧ ನೋಡಿಲ್ಲ. ಉಳಿದರ್ಧ ಹೊತ್ತು ಮಾತಾಡುತ್ತಿದ್ದೆ.

ಸಿಗ್ನೆ ನನ್ನನ್ನು ಗೇಟಿನ ಹತ್ತಿರ ಇಳಿಸಿ, “ಅಜ್ಜೀ, ಸ್ಟೂಲಿಂದ ಎದ್ದು ನೀರಿಗೆ ಹೋದ್ರೆ ಮಿಲಾ ಅಜ್ಜಿ ನನಗೆ ಫೋನ್ ಮಾಡ್ತಾರೆ, ಮಾತಾಗಿದೆ,” ಅಂದಳು. ನನ್ನ ಬೆನ್ನ ಹಿಂದೆ ನೀವಿಬ್ಬರೂ ಯಾವಾಗಿನಿಂದ ಫೋನಿನಲ್ಲಿದ್ದೀರಿ ಎಂದು ನಾನು ಕೇಳಲಿಲ್ಲ. ಗೇಟು ಹಿಮಕ್ಕೆ ಒರಗಿ ತೆರೆದೇ ನಿಂತಿತ್ತು. ನೀನು ಹಾಲು ಕರೆಯುವ ಮೂರುಕಾಲಿನ ಸ್ಟೂಲು ಹಿಡಿದುಕೊಂಡು ನಿಂತಿದ್ದೆ. ಇನ್ನೂರು ಹೆಜ್ಜೆ ಎಂದು ಬರೆದಿದ್ದೆ. ನಾನು ಎಣಿಸಿದೆ, ಇನ್ನೂರ ನಲವತ್ತು. ನಿನ್ನ ಹೆಜ್ಜೆ ಉದ್ದ, ನಾಲಿಗೆಯ ಹಾಗೆ.

ನನಗೆ ಕಂಡದ್ದು ಹೀಗೆ. ಹನ್ನೊಂದೂಮುಕ್ಕಾಲಿಗೆ ಬಿಸಿಲು ಮಡುವಿನ ತಲೆಗೆ ಬಂತು. ಒರತೆ ಚಿಮ್ಮುವ ಕಡೆ ನೀರುಸೊಪ್ಪು ಹಿಮದ ನಡುವೆ ಹಸಿರಾಗಿತ್ತು. ಮೊದಲು ಹಿಮದ ಮೇಲೆ ಕರಿಯ ಚುಕ್ಕಿಗಳು ಹರಿದಾಡಿದವು, ಎಳ್ಳು ಚೆಲ್ಲಿದ ಹಾಗೆ. “ಹೊಲಸು,” ಅಂದೆ ನೀನು. ಅವೇ ನುಸಿಗಳು, ಅತ್ತಿಗೆ. ಅದನ್ನು ನೋಡಲು ನಾನು ವರ್ಷವಿಡೀ ಕಾಯುತ್ತೇನೆ. ಆಮೇಲೆ ಆಚೆ ದಡದ ವಿಲೋ ಬೇರಿನ ಕೆಳಗೆ ನೀರಿನ ಮೇಲೆ ಒಂದು ಉಂಗುರ ಎದ್ದಿತು. ಸದ್ದಿಲ್ಲ, ಯಾರೋ ಒಳಗಿನಿಂದ ಮುತ್ತು ಕೊಟ್ಟ ಹಾಗೆ. ದೊಡ್ಡ ಮೀನು ತಿನ್ನುವುದು ಹಾಗೇ. ಚಿಕ್ಕವು ಪಟಪಟ ಎನ್ನುತ್ತವೆ.

ನನ್ನ ಕೋಲಿನ ಉಂಗುರಗಳಲ್ಲಿ ಮಂಜು ಕಟ್ಟಿ ದಾರ ಓಡುತ್ತಿರಲಿಲ್ಲ. ನಾನು ಒಂದೊಂದನ್ನೇ ಬಾಯಲ್ಲಿಟ್ಟು ಕರಗಿಸುವಾಗ ನೀನು ನಕ್ಕೆ.

“ಏನೇ ಅದು, ಕೊಳಲು ಊದ್ತೀಯಾ?”

“ಸುಮ್ನಿರೇ. ಮೀನಿಗೆ ನಿನ್ ದನಿ ಕೇಳ್ಸತ್ತೆ.”

“ಮೀನಿಗೆಲ್ಲಿ ಕಿವಿ?”

“ನಿನ್ ದನಿಗೆ ಕಿವಿ ಬೇರೆ ಬೇಕಾ?”

ಎರಡು ಸಲ ದಾರ ಬೀಸಿದೆ. ನುಸಿ ಬೇರಿನ ಪಕ್ಕ ತೇಲಿಹೋಯಿತು, ಮೀನು ಏಳಲಿಲ್ಲ. “ಎರಡು ಸಲ ಕೇಳಿದೆ, ಬೇಡ ಅಂತು. ನಿಮ್ಮವರ ಪೈಕೀನೇ ಇರ್ಬೇಕು,” ಅಂದೆ ನೀನು ಹಿಂದಿನಿಂದ. ನನಗೆ ನಗು ಬಂದು ಕೈ ಅಲುಗಿತು, ಮೂರನೆಯದು ಸೊಟ್ಟಗೆ ಬಿತ್ತು, ಆದರೂ ತಗೊಂಡಿತು. ಇದನ್ನು ಚರ್ಚಿನಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಹೇಳಬೇಡ.

ಮೀನನ್ನು ನೀನು ಸರಿಯಾಗಿ ನೋಡಲಿಲ್ಲ. ಚಳಿಗೆ ಅದರ ಕಿವಿರು ಹೆಪ್ಪುಗಟ್ಟುತ್ತದೆ, ಅದಕ್ಕೇ ನಾನು ನೀರಿನಿಂದ ಮೇಲೆ ಎತ್ತಲಿಲ್ಲ. ನನ್ನ ಮೊಳದುದ್ದ ಇತ್ತು. ಹೊಟ್ಟೆ ಬೆಣ್ಣೆಯ ಬಣ್ಣ, ಪಕ್ಕದಲ್ಲಿ ಕೆಂಪು ಚುಕ್ಕಿಗಳು, ಪ್ರತಿ ಚುಕ್ಕಿಯ ಸುತ್ತ ಒಂದು ತಿಳಿ ಬಳೆ. ಕೆಳದವಡೆ ಗಂಡುಮೀನಿನದು, ಮೇಲಕ್ಕೆ ಕೊಂಕಿತ್ತು, ಥೇಟ್ ಐನಾರನ ಗದ್ದ. ಬಾಯಿಯ ಮೂಲೆಯಲ್ಲಿ ನಿನ್ನ ಹುಂಜದ ಬೂದು ಗರಿ ಕಂಡಿತು. ಗಾಳದ ಮುಳ್ಳನ್ನು ನಾನು ಮೊದಲೇ ಚಪ್ಪಟೆ ಮಾಡಿದ್ದರಿಂದ ಒಂದೇ ತಿರುವಿಗೆ ಬಿಟ್ಟುಕೊಂಡಿತು. ಅಂಗೈಯಲ್ಲಿ ಹೊತ್ತು ತಲೆಯನ್ನು ಹರಿವಿಗೆ ಎದುರಾಗಿ ಹಿಡಿದೆ. ಅದು ಓಡಿಹೋಗಲಿಲ್ಲ. ಸ್ವಲ್ಪ ಹೊತ್ತು ಕೈಯ ಮೇಲೇ ನಿಂತು ಉಸಿರಾಡಿ, ಆಮೇಲೆ ತನ್ನ ಬೇರಿನ ಕೆಳಗೆ ಹೋಯಿತು.

ಈಗ ಬರೆಯಬೇಕೆಂದಿದ್ದ ಮಾತು. ನಾನು ಆ ಮಡುವಿನ ದಡದಲ್ಲಿ ಕುಳಿತು ಮೀನು ಹಿಡಿದದ್ದು ಇದೇ ಮೊದಲು. ಸ್ಟೂಲಿನಿಂದ ಏಳಲು ನಿನ್ನ ಕೈ ಬೇಕಾಯಿತು, ಅದಕ್ಕಾಗಿ ಹಿಂದಕ್ಕೆ ತಿರುಗಿದೆ. ನಿನ್ನ ಭುಜದ ಮೇಲಿಂದ ಅಡುಗೆಮನೆಯ ಕಿಟಕಿ ಕಂಡಿತು. ಒಳಗೆ ಒಣಹಾಕಿದ ಪಾತ್ರೆ ಒರೆಸುವ ಬಟ್ಟೆಯ ಅಂಚು ಸಹ ಕಾಣುತ್ತದೆ, ಅತ್ತಿಗೆ, ಅಷ್ಟು ಹತ್ತಿರ. ಇಷ್ಟು ವರ್ಷ ನಿಂತಾಗ ಒಂದು ದಿನವೂ ತಿರುಗಿರಲಿಲ್ಲ. ಮೀನು ಬಿಟ್ಟು ಬೇರೆ ಕಡೆ ನೋಡುವ ಅಭ್ಯಾಸ ನನಗಾಗಲಿ ಐನಾರನಿಗಾಗಲಿ ಇರಲಿಲ್ಲ. ಇದು ಸಮಜಾಯಿಷಿಯಲ್ಲ, ನಡೆದದ್ದನ್ನು ಹೇಳಿದೆ.

ಆಮೇಲೆ ನಿನ್ನ ಮನೆಯಲ್ಲಿ, “ಕಾಫಿ ಕುಡೀತೀಯಾ, ಕೊಲಾಚಿ ಇದೆ,” ಅಂದೆ ನೀನು. “ಹೂಂ,” ಅಂದೆ ನಾನು. ನೀನು ಒಲೆಯ ಹತ್ತಿರ ಸೌಟು ಹಿಡಿದು ಹಾಗೇ ನಿಂತುಬಿಟ್ಟೆಯಲ್ಲ! ಜ್ವರ ಏನಾದರೂ ಇದೆಯೇ ಎಂದು ನನ್ನ ಹಣೆ ಮುಟ್ಟಿ ನೋಡುವ ಅಗತ್ಯವಿರಲಿಲ್ಲ. ಐದು ತಿಂದೆ. ಐನಾರನ ಏಳಕ್ಕೆ ಇನ್ನೂ ಎರಡು ಬಾಕಿ.

ತಂತಿಬಳೆಯನ್ನು ಗೋಡೆಯ ಒಂದು ಮೊಳೆಗೆ ತಗುಲಿಹಾಕಿದ್ದೇನೆ. ಇನ್ನೊಂದು ಮೊಳೆಗೆ ಮ್ಯಾಡಿಸನ್ನಿನವನ ಕೈಗವಸು ಹಾಕು ಎಂದು ಸಿಗ್ನೆ ಹೇಳುತ್ತಾಳೆ. ಬೇಡ, ಅದು ಹಾಗೇ ಖಾಲಿ ಇರಲಿ.

ನನ್ನ ಹಳೆಯ ಕೋಲು ಒಂದಿದೆ, ಹಗುರವಾದದ್ದು, ನಿನ್ನ ಕೈಗೆ ಸರಿಹೋಗುತ್ತದೆ. ಅದರ ಉಂಗುರಗಳಿಗೆ ಹೊಸ ರೇಷ್ಮೆ ಸುತ್ತುತ್ತಿದ್ದೇನೆ, ಕೆಂಪು. ಮೀನು ಕಚ್ಚಿದ ನುಸಿ ಕೆಟ್ಟಿತು, ಹದಿಮೂರು ಉಳಿದಿವೆ. ಬರುವ ಶನಿವಾರ ಹನ್ನೊಂದಕ್ಕೆ ಬಿಸಿಲು ಬರುತ್ತದಂತೆ. ಎರಡು ಸ್ಟೂಲು ಹಾಕೋಣ. ಮಿಲಾ, ನೀನೂ ಬಾ.

ಇದು ಒಂದನೆಯದು.

ನಿನ್ನ ನಾದಿನಿ,
ತೋರಾ


ಕೆಳಗಿನ ಮನೆ
ಫೆಬ್ರವರಿ 20

ತೋರಾ,

ಅಯ್ಯೋ ಬೇಡ. ನಿನಗೆ ಯಾಕೆ ಸುಮ್ಮನೆ ತೊಂದರೆ.

ನಿನ್ನ ಅತ್ತಿಗೆ,
ಮಿಲಾ